ಅಮೆರಿಕದ ಗುಲಾಮಗಿರಿ ವಿರೋಧಿ ತೀವ್ರಗಾಮಿಗಳು: ತಾಳ್ಮೆಯಿಂದ ಇದ್ದಿದ್ದರೆ ಯುದ್ಧ ತಪ್ಪುತ್ತಿತ್ತೇ?

ತುಂಗಾತೀರದ ಅಧ್ಯಾಪಕಿ ಕೇಳಿದ್ದಾರೆ:

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಕಳೆದ ವಾರ, ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧದ ಪಾಠ ಮುಗಿಸುವಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ನನಗೇ ಸಮಾಧಾನವಾಗುವಂತಹ ಉತ್ತರವನ್ನು ಕೊಡಲಾಗಲಿಲ್ಲವಾದ್ದರಿಂದ ಇಲ್ಲಿ ಬಲ್ಲವರ ಮುಂದೆ ಇಡುತ್ತಿದ್ದೇನೆ. ನಮ್ಮ ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಮಂದಗಾಮಿಗಳು, ತೀವ್ರಗಾಮಿಗಳು ಎಂಬ ಎರಡು ಬಣಗಳ ಬಗ್ಗೆ ಓದಿದ್ದ ಆಕೆ, ಗುಲಾಮಗಿರಿಯ ವಿರುದ್ಧ ಹೋರಾಡಿದ ಅಮೆರಿಕನ್ನರಲ್ಲಿಯೂ ಇಂತಹ ಎರಡು ದಾರಿಗಳಿದ್ದವೇ ಎಂದು ಮೊದಲು ಕೇಳಿದಳು. ಇದ್ದವು ಎಂದು ನಾನು ಹೇಳಿದಾಗ, ತೀವ್ರಗಾಮಿಗಳು ಇನ್ನಷ್ಟು ತಾಳ್ಮೆಯಿಂದ ಇದ್ದಿದ್ದರೆ 6 ಲಕ್ಷಕ್ಕೂ ಹೆಚ್ಚು ಜನ ಯುದ್ಧದಲ್ಲಿ ಸಾಯದೆಯೇ ಗುಲಾಮಗಿರಿ ಮೆಲ್ಲಗೆ ತಾನಾಗಿ ಇಲ್ಲವಾಗುತ್ತಿತ್ತಲ್ಲವೇ ಎಂದು ಮುಂದುವರಿಸಿದಳು.

ನನ್ನನ್ನು ಕಾಡುತ್ತಿರುವುದು ಇನ್ನೊಂದು ಸಂಗತಿ. ಗುಲಾಮಗಿರಿಯನ್ನು ತಕ್ಷಣ ಕೊನೆಗಾಣಿಸಬೇಕೆಂದ ತೀವ್ರಗಾಮಿಗಳಾದ ವಿಲಿಯಂ ಲಾಯ್ಡ್ ಗ್ಯಾರಿಸನ್, ವೆಂಡೆಲ್ ಫಿಲಿಪ್ಸ್, ಜಾನ್ ಬ್ರೌನ್ ಮೊದಲಾದವರ ಹಿಂದೆ ಇದ್ದ ಜನ ಬಹಳ ಕಡಿಮೆ. ದಕ್ಷಿಣದ ರಾಜ್ಯಗಳು ಅವರನ್ನು ದ್ವೇಷಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಗುಲಾಮಗಿರಿಯನ್ನು ಆಗಲೇ ಕೈಬಿಟ್ಟಿದ್ದ ಉತ್ತರದ ಊರುಗಳಲ್ಲಿಯೂ ಅವರ ಮೇಲೆ ಕಲ್ಲು ಬಿದ್ದಿತ್ತು. ಎರಡೂ ಕಡೆಯವರಿಗೆ ಬೇಡವಾಗಿದ್ದ ಇಷ್ಟು ಸಣ್ಣ ಗುಂಪು, ಒಡೆದು ನಿಂತಿದ್ದ ಒಂದು ದೇಶದ ದಿಕ್ಕನ್ನು ಬದಲಿಸಿತೆಂದು ಹೇಳುವುದಾದರೆ, ಅದು ಯಾವ ದಾರಿಯಿಂದ ಆಯಿತು ಎಂಬುದನ್ನು ವಿವರಿಸಲು ಸಾಧ್ಯವೇ? ಮಕ್ಕಳ ಮುಂದೆ ಮತ್ತೆ ನಿಲ್ಲುವ ಮೊದಲು ತಿಳಿದುಕೊಳ್ಳಬೇಕಾಗಿದೆ.

ಹಳೆಯ ಪತ್ರಿಕೆಗಳ ಓದುಗ ಉತ್ತರಿಸಿದ್ದಾರೆ:

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಅಂದಿನ ಅಮೆರಿಕದಲ್ಲಿಯೂ ಪ್ರತಿದಿನ ಕೇಳಿಬರುತ್ತಿದ್ದ ಪ್ರಶ್ನೆಯೇ. ಆದ್ದರಿಂದ ಮೊದಲು ತಾಳ್ಮೆಯ ಲೆಕ್ಕವನ್ನು ನೋಡೋಣ. 1790ರ ಮೊದಲ ಜನಗಣತಿಯಲ್ಲಿ ಅಮೆರಿಕದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1830ರಲ್ಲಿ ಆ ಸಂಖ್ಯೆ 20 ಲಕ್ಷವನ್ನು ಮುಟ್ಟಿತ್ತು. 1860ರ ಹೊತ್ತಿಗೆ 39 ಲಕ್ಷವನ್ನು ದಾಟಿತ್ತು. ಹೊರದೇಶದಿಂದ ಗುಲಾಮರನ್ನು ತರುವುದನ್ನು 1808ರಲ್ಲಿಯೇ ಕಾನೂನಿನಿಂದ ನಿಷೇಧಿಸಿದ್ದರೂ ಸಂಖ್ಯೆ ಹೀಗೆ ಬೆಳೆಯಿತು. ತಾನಾಗಿ ಇಲ್ಲವಾಗುತ್ತಿರುವ ಪದ್ಧತಿಯ ಲಕ್ಷಣ ಇದಲ್ಲ. ಹತ್ತಿಯ ಬೇಡಿಕೆ ಏರಿದಂತೆಲ್ಲ ವರ್ಜೀನಿಯಾ, ಮೇರಿಲ್ಯಾಂಡ್‌ಗಳ ಹಳೆಯ ಹೊಗೆಸೊಪ್ಪಿನ ತೋಟಗಳಿಂದ ಮನುಷ್ಯರನ್ನು ಸರಪಳಿಯಲ್ಲಿ ಬಿಗಿದು ಅಲಬಾಮಾ, ಮಿಸಿಸಿಪ್ಪಿ, ಲೂಯಿಸಿಯಾನಾಗಳ ಹೊಸ ಹತ್ತಿ ಹೊಲಗಳಿಗೆ ನಡೆಸಿಕೊಂಡು ಹೋಗುವ ವ್ಯಾಪಾರವೇ ಒಂದು ದೊಡ್ಡ ಉದ್ಯಮವಾಗಿ ನಿಂತಿತ್ತು.

ಮಂದಗಾಮಿಗಳ ದಾರಿಯೂ ಇತ್ತು, ಮತ್ತು ಅದನ್ನು ಪ್ರಯೋಗಿಸಿ ನೋಡಲಾಗಿತ್ತು. 1816ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕಾಲೊನೈಸೇಶನ್ ಸೊಸೈಟಿಯು ಸ್ವತಂತ್ರರಾದ ಕಪ್ಪು ಜನರನ್ನು ಆಫ್ರಿಕಾಕ್ಕೆ ಕಳುಹಿಸಿ, ಒಡೆಯರ ಮನವೊಲಿಸಿ, ತಲೆಮಾರುಗಳ ಕಾಲದಲ್ಲಿ ಗುಲಾಮಗಿರಿಯನ್ನು ಕರಗಿಸಬಹುದೆಂದು ನಂಬಿದವರ ಸಂಸ್ಥೆ. ದೊಡ್ಡ ದೊಡ್ಡ ರಾಜಕಾರಣಿಗಳು, ಪಾದ್ರಿಗಳು ಅದರ ಹಿಂದಿದ್ದರು. ಯುದ್ಧಕ್ಕೆ ಮುಂಚಿನ ಸುಮಾರು 40 ವರ್ಷಗಳಲ್ಲಿ ಅದು ಲೈಬೀರಿಯಾಕ್ಕೆ ಕಳುಹಿಸಿದ್ದು ಹತ್ತು ಹನ್ನೆರಡು ಸಾವಿರ ಜನರನ್ನು ಮಾತ್ರ. ಗುಲಾಮರ ಮನೆಗಳಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳು ಪ್ರತಿವರ್ಷವೂ ಹುಟ್ಟುತ್ತಿದ್ದರು. 1817ರ ಜನವರಿಯಲ್ಲಿಯೇ ಫಿಲಡೆಲ್ಫಿಯಾದ ಬೆತೆಲ್ ಚರ್ಚಿನಲ್ಲಿ ಸುಮಾರು 3,000 ಕಪ್ಪು ಜನರು ಸೇರಿ, ತಾವು ಹುಟ್ಟಿದ ನೆಲವನ್ನು ಬಿಟ್ಟು ಹೋಗುವುದಿಲ್ಲವೆಂದು ಒಕ್ಕೊರಲಿನಿಂದ ಹೇಳಿದ್ದರು. ಗ್ಯಾರಿಸನ್ ಕೂಡ ಮೊದಮೊದಲು ಈ ಸಂಸ್ಥೆಯ ಬೆಂಬಲಿಗನೇ ಆಗಿದ್ದು, ಅವನ ಮನಸ್ಸನ್ನು ತಿರುಗಿಸಿದವರು ಆ ಕಪ್ಪು ಜನರೇ ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. 1831ರ ಜನವರಿ 1ರಂದು ಬೋಸ್ಟನ್‌ನಲ್ಲಿ ಅವನು ‘ಲಿಬರೇಟರ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದಾಗ ಅದರ ಚಂದಾದಾರರಲ್ಲಿ ಹೆಚ್ಚಿನವರು ಸ್ವತಂತ್ರ ಕಪ್ಪು ಜನರಾಗಿದ್ದರು. ಫಿಲಡೆಲ್ಫಿಯಾದಲ್ಲಿ ಹಡಗಿನ ಹಾಯಿ ತಯಾರಿಸುತ್ತಿದ್ದ ಜೇಮ್ಸ್ ಫೋರ್ಟನ್ ಹಣ ಕಳುಹಿಸಿ ಅದನ್ನು ನಿಲ್ಲಿಸಿದ. ಆ ಮೊದಲ ಸಂಚಿಕೆಯಲ್ಲಿಯೇ ಗ್ಯಾರಿಸನ್ ತಾಳ್ಮೆಯ ಮಾತಿಗೆ ಉತ್ತರ ಕೊಟ್ಟಿದ್ದಾನೆ: ಮನೆಗೆ ಬೆಂಕಿ ಬಿದ್ದವನಿಗೆ ಮೆಲ್ಲಗೆ ಕೂಗು ಎಂದು ಹೇಳಿ ನೋಡಿ, ನನಗೆ ಮಾತ್ರ ಹಾಗೆ ಹೇಳಬೇಡಿ, ನಾನು ಒಂದು ಅಂಗುಲವೂ ಹಿಂದೆ ಸರಿಯುವುದಿಲ್ಲ, ನನ್ನ ಮಾತು ಕೇಳಿಸಿಯೇ ಕೇಳಿಸುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ‘ಲಿಬರೇಟರ್’ ಯಾವ ಕಾಲದಲ್ಲಿಯೂ ಸುಮಾರು 3,000 ಪ್ರತಿಗಳಿಗಿಂತ ಹೆಚ್ಚು ಹೋದದ್ದಿಲ್ಲ. ಆದರೆ ಆ ಕಾಲದ ಸಂಪಾದಕರು ತಮ್ಮ ಪತ್ರಿಕೆಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದರು. ಗ್ಯಾರಿಸನ್ನನ ಬರಹವನ್ನು ದಕ್ಷಿಣದ ಸಂಪಾದಕರು ಸಿಟ್ಟಿನಿಂದ ಎತ್ತಿ ಅಚ್ಚು ಹಾಕಿ ಬೈಯುತ್ತಿದ್ದರು. ಅದನ್ನು ಉತ್ತರದ ಸಂಪಾದಕರು ಮತ್ತೆ ಎತ್ತಿಕೊಳ್ಳುತ್ತಿದ್ದರು. 1831ರ ಆಗಸ್ಟಿನಲ್ಲಿ ವರ್ಜೀನಿಯಾದ ಸೌತಾಂಪ್ಟನ್ ಕೌಂಟಿಯಲ್ಲಿ ನ್ಯಾಟ್ ಟರ್ನರನ ಬಂಡಾಯ ನಡೆದು ಐವತ್ತಕ್ಕೂ ಹೆಚ್ಚು ಬಿಳಿಯರು ಸತ್ತಾಗ, ಆ ಪತ್ರಿಕೆಗೂ ಬಂಡಾಯಕ್ಕೂ ಯಾವ ನಂಟೂ ಇಲ್ಲದಿದ್ದರೂ, ಗ್ಯಾರಿಸನ್ನನನ್ನು ಹಿಡಿದು ತಂದವರಿಗೆ 5,000 ಡಾಲರ್ ಬಹುಮಾನ ಕೊಡುವುದಾಗಿ ಜಾರ್ಜಿಯಾದ ಶಾಸನಸಭೆ ಘೋಷಿಸಿತು. ಒಂದು ಸಣ್ಣ ಪತ್ರಿಕೆಯನ್ನು ದೇಶದ ಮನೆಮನೆಗೂ ಪರಿಚಯಿಸಿದವರು ಅದರ ಶತ್ರುಗಳೇ ಎಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ಇದರ ಮುಂದಿನ ಹಂತವೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. 1833ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಅಮೆರಿಕನ್ ಆ್ಯಂಟಿ-ಸ್ಲೇವರಿ ಸೊಸೈಟಿಯು 1835ರಲ್ಲಿ ತನ್ನ ಪತ್ರಿಕೆಗಳನ್ನು ದಕ್ಷಿಣದ ಪ್ರಮುಖರ ವಿಳಾಸಗಳಿಗೆ ಅಂಚೆಯ ಮೂಲಕ ಕಳುಹಿಸತೊಡಗಿತು. ಆ ಜುಲೈನಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಗುಂಪೊಂದು ಅಂಚೆ ಕಚೇರಿಯನ್ನು ಒಡೆದು ಆ ಕಟ್ಟುಗಳನ್ನು ಹೊತ್ತೊಯ್ದು, ಗ್ಯಾರಿಸನ್ ಮತ್ತು ಸಂಸ್ಥೆಯ ಧನಿಕ ಪೋಷಕ ಆರ್ಥರ್ ಟ್ಯಾಪನ್ ಅವರ ಪ್ರತಿಕೃತಿಗಳ ಸಮೇತ ಸುಟ್ಟಿತು. ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದ ಏಮೋಸ್ ಕೆಂಡಾಲ್, ಅಂತಹ ಅಂಚೆಯನ್ನು ಬಟವಾಡೆ ಮಾಡದೆ ಇಟ್ಟುಕೊಳ್ಳುವ ಅಂಚೆ ಅಧಿಕಾರಿಗಳಿಗೆ ಅಡ್ಡಬರಲಿಲ್ಲ. ಅದೇ ಕಾಲದಲ್ಲಿ ಗುಲಾಮಗಿರಿಯ ವಿರುದ್ಧದ ಮನವಿಪತ್ರಗಳು, ಅವುಗಳಲ್ಲಿ ಬಹುಪಾಲು ಹೆಂಗಸರು ಮನೆಮನೆಗೆ ತಿರುಗಿ ಸಹಿ ಮಾಡಿಸಿದಂಥವು, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಹೊರೆಗಟ್ಟಲೆ ಬರತೊಡಗಿದವು. 1836ರಲ್ಲಿ ಪ್ರತಿನಿಧಿ ಸಭೆಯು ಅಂತಹ ಮನವಿಗಳನ್ನು ಚರ್ಚೆಗೆ ತೆಗೆದುಕೊಳ್ಳದೆ ಬದಿಗಿಡುವ ನಿಯಮವನ್ನು ಮಾಡಿತು. ಅಧ್ಯಕ್ಷ ಪದವಿಯಿಂದ ಇಳಿದ ಮೇಲೆ ಸಾಮಾನ್ಯ ಸದಸ್ಯನಾಗಿ ಅದೇ ಸಭೆಗೆ ಬಂದಿದ್ದ ಜಾನ್ ಕ್ವಿನ್ಸಿ ಆಡಮ್ಸ್, ಆ ‘ಬಾಯಿಕಟ್ಟು’ ನಿಯಮದ ವಿರುದ್ಧ ಎಂಟು ವರ್ಷ ಹೋರಾಡಿ 1844ರ ಡಿಸೆಂಬರಿನಲ್ಲಿ ಅದನ್ನು ರದ್ದು ಮಾಡಿಸಿದ. ಗಮನಿಸಬೇಕಾದದ್ದೇನೆಂದರೆ, ಆಡಮ್ಸ್ ಆ ತೀವ್ರಗಾಮಿಗಳ ಪೈಕಿಯವನಲ್ಲ. ಅವನು ಎತ್ತಿಹಿಡಿದದ್ದು ಪ್ರಜೆ ಮನವಿ ಸಲ್ಲಿಸುವ ಹಕ್ಕನ್ನು.

1837ರ ನವೆಂಬರ್ 7ರ ರಾತ್ರಿ ಇಲಿನಾಯ್ ರಾಜ್ಯದ ಆಲ್ಟನ್ ಎಂಬ ಊರಿನಲ್ಲಿ ಗುಲಾಮಗಿರಿ ವಿರೋಧಿ ಪತ್ರಿಕೆಯ ಸಂಪಾದಕನೂ ಪಾದ್ರಿಯೂ ಆಗಿದ್ದ ಎಲಿಜಾ ಲವ್‌ಜಾಯ್ ಗುಂಡಿಗೆ ಬಲಿಯಾದ. ಅವನ ಮೂರು ಅಚ್ಚಿನ ಯಂತ್ರಗಳನ್ನು ದೊಂಬಿಕಾರರು ಮೊದಲೇ ನಾಶಮಾಡಿದ್ದರು. ನಾಲ್ಕನೆಯದನ್ನು ಕಾಯುತ್ತಿದ್ದಾಗ ಅವನು ಸತ್ತ. ಕಪ್ಪು ಜನರ ಬಗ್ಗೆ ಒಂದು ಕ್ಷಣವೂ ಯೋಚಿಸದಿದ್ದ ಉತ್ತರದ ಸಾಮಾನ್ಯ ಬಿಳಿಯನಿಗೆ ಆಗ ಒಂದು ಸಂಗತಿ ಅರ್ಥವಾಗತೊಡಗಿತು: ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕಾದರೆ ತನ್ನ ಅಂಚೆ, ತನ್ನ ಪತ್ರಿಕೆ, ತನ್ನ ಮನವಿ, ತನ್ನ ಸಭೆ ಎಲ್ಲವನ್ನೂ ದಕ್ಷಿಣದ ಒಡೆಯರ ಅನುಮತಿಗೆ ಒಪ್ಪಿಸಬೇಕು. ತೀವ್ರಗಾಮಿಗಳು ತಮ್ಮ ವಾದದಿಂದ ಗೆದ್ದ ಮನಸ್ಸುಗಳು ಕಡಿಮೆ. ಅವರ ಮಾತನ್ನು ಅಡಗಿಸಲು ಹೊರಟವರ ನಡತೆಯನ್ನು ಕಂಡು ಎಚ್ಚೆತ್ತವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಬೋಸ್ಟನ್ ಬಳಿಯ ಕನ್ನಡಿಗ ಉತ್ತರಿಸಿದ್ದಾರೆ:

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಅದರಲ್ಲಿ ಗ್ಯಾರಿಸನ್ನನೇ ಮೊದಲಿಗನೆಂಬಂತೆ ಕಾಣಬಾರದೆಂದು ಇದನ್ನು ಸೇರಿಸುತ್ತಿದ್ದೇನೆ. ನಾನು ಹದಿನೈದು ವರ್ಷಗಳಿಂದ ಬೋಸ್ಟನ್ ಸಮೀಪ ವಾಸವಾಗಿದ್ದೇನೆ. ಇಲ್ಲಿನ ಬೀಕನ್ ಹಿಲ್ ಗುಡ್ಡದ ಉತ್ತರದ ಇಳಿಜಾರಿನಲ್ಲಿ, ಆಗಿನ ಕಪ್ಪು ಜನರ ಕೇರಿಯಲ್ಲಿ, 1806ರಲ್ಲಿ ಕಟ್ಟಿದ ಆಫ್ರಿಕನ್ ಮೀಟಿಂಗ್ ಹೌಸ್ ಎಂಬ ಇಟ್ಟಿಗೆಯ ಪ್ರಾರ್ಥನಾಮಂದಿರ ಇಂದಿಗೂ ನಿಂತಿದೆ. ನ್ಯೂ ಇಂಗ್ಲೆಂಡ್ ಆ್ಯಂಟಿ-ಸ್ಲೇವರಿ ಸೊಸೈಟಿಯು 1832ರ ಜನವರಿಯಲ್ಲಿ ಹುಟ್ಟಿದ್ದು ಆ ಕಟ್ಟಡದಲ್ಲಿ. ಅದಕ್ಕೂ ಮೊದಲು, 1829ರಲ್ಲಿ, ಇದೇ ಊರಿನಲ್ಲಿ ಹಳೆಯ ಬಟ್ಟೆಗಳ ಅಂಗಡಿ ಇಟ್ಟುಕೊಂಡಿದ್ದ ಡೇವಿಡ್ ವಾಕರ್ ಎಂಬ ಸ್ವತಂತ್ರ ಕಪ್ಪು ಮನುಷ್ಯ ತನ್ನ ಜನರಿಗೆ ಒಂದು ಕರೆಯನ್ನು ಬರೆದು ಅಚ್ಚು ಹಾಕಿಸಿದ. ಸ್ವಾತಂತ್ರ್ಯ ಘೋಷಣೆಯಲ್ಲಿ ನೀವೇ ಬರೆದ ಮಾತುಗಳನ್ನು ಒಮ್ಮೆ ಓದಿ ನೋಡಿಕೊಳ್ಳಿ ಎಂದು ಅವನು ಬಿಳಿಯ ಅಮೆರಿಕನ್ನರಿಗೆ ಹೇಳಿದ. ಗುಲಾಮರಿಗೆ ಎದುರು ನಿಲ್ಲುವ ಹಕ್ಕಿದೆಯೆಂದೂ ಹೇಳಿದ. ನಾವಿಕರ ಕೈಯಲ್ಲಿ ಆ ಹೊತ್ತಗೆ ದಕ್ಷಿಣದ ಬಂದರುಗಳನ್ನು ಸೇರಿದಾಗ ಅಲ್ಲಿನ ಶಾಸನಸಭೆಗಳು ಗುಲಾಮರಿಗೆ ಓದು ಬರಹ ಕಲಿಸುವುದರ ವಿರುದ್ಧ, ಇಂತಹ ಬರಹಗಳನ್ನು ಹಂಚುವುದರ ವಿರುದ್ಧ ಹೊಸ ಕಾನೂನುಗಳನ್ನು ಮಾಡಿದವು. ವಾಕರ್ 1830ರಲ್ಲಿಯೇ ತೀರಿಕೊಂಡ.

ತೀವ್ರಗಾಮಿ ಎಂಬ ಮಾತನ್ನು ಹೇಳುವಾಗ ನಾನು ಮೊದಲು ನೆನೆಯುವುದು, ಗುಲಾಮಗಿರಿಯಿಂದ ಓಡಿಹೋದವರನ್ನು. 1838ರಲ್ಲಿ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಾಸ್, 1849ರಲ್ಲಿ ತಪ್ಪಿಸಿಕೊಂಡು ಆಮೇಲೆ ಹತ್ತಾರು ಸಲ ಹಿಂದಿರುಗಿ ಸುಮಾರು 70 ಜನರನ್ನು ಕರೆತಂದ ಹ್ಯಾರಿಯೆಟ್ ಟಬ್‌ಮನ್, ಹೆಸರೇ ಉಳಿಯದ ಸಾವಿರಾರು ಜನ. ಇವರ ಓಟವೇ ದಕ್ಷಿಣವನ್ನು 1850ರ ಪಲಾಯಿತ ಗುಲಾಮರ ಕಾನೂನಿಗೆ ದೂಡಿತು. ಆ ಕಾನೂನಿನಲ್ಲಿ ಹಿಡಿಯಲ್ಪಟ್ಟವನಿಗೆ ಜ್ಯೂರಿಯ ವಿಚಾರಣೆ ಇಲ್ಲ, ತನ್ನ ಪರವಾಗಿ ಸಾಕ್ಷಿ ಹೇಳುವ ಹಕ್ಕಿಲ್ಲ. ವಿಚಾರಿಸುವ ಕಮಿಷನರ್ ಅವನನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್, ಬಿಡುಗಡೆ ಮಾಡಿದರೆ 5 ಡಾಲರ್ ಶುಲ್ಕ. ದಾರಿಯಲ್ಲಿ ಹೋಗುವ ಸಾಮಾನ್ಯ ಪ್ರಜೆಯನ್ನೂ ಹಿಡಿಯುವ ಕೆಲಸಕ್ಕೆ ಕರೆಯಬಹುದಿತ್ತು.

1854ರ ಮೇ ತಿಂಗಳಿನಲ್ಲಿ ಬೋಸ್ಟನ್‌ನಲ್ಲಿ ಆಂಟನಿ ಬರ್ನ್ಸ್ ಎಂಬ ಯುವಕನನ್ನು ಈ ಕಾನೂನಿನಡಿ ಹಿಡಿದರು. ಕಪ್ಪು ಮತ್ತು ಬಿಳಿಯ ಹೋರಾಟಗಾರರು ಒಟ್ಟಾಗಿ ನ್ಯಾಯಾಲಯದ ಬಾಗಿಲನ್ನು ಒಡೆಯಲು ನುಗ್ಗಿದರು. ಕಾವಲುಗಾರನೊಬ್ಬ ಸತ್ತ, ಬರ್ನ್ಸ್ ಮಾತ್ರ ಬಿಡುಗಡೆಯಾಗಲಿಲ್ಲ. ಜೂನ್ 2ರಂದು ಸೈನಿಕರ ಸಾಲುಗಳ ನಡುವೆ ಅವನನ್ನು ಬಂದರಿಗೆ ನಡೆಸಿಕೊಂಡು ಹೋದಾಗ ಬೀದಿಯ ಇಕ್ಕೆಲಗಳಲ್ಲಿ ಸುಮಾರು 50,000 ಜನ ನಿಂತಿದ್ದರು. ಅಂಗಡಿಗಳು ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದವು. ‘ಸ್ವಾತಂತ್ರ್ಯ’ ಎಂದು ಬರೆದ ಶವಪೆಟ್ಟಿಗೆಯೊಂದನ್ನು ಬೀದಿಗೆ ಅಡ್ಡಲಾಗಿ ತೂಗುಹಾಕಿದ್ದರು. ನಾನು ಆ ಬೀದಿಯಲ್ಲಿ ನಡೆದಾಗಲೆಲ್ಲ ನೆನೆಯುವುದು ಇದನ್ನೇ: ಇದೇ ಊರಿನಲ್ಲಿ, 1835ರಲ್ಲಿ, ಒಳ್ಳೆಯ ಉಡುಪಿನ ಗೃಹಸ್ಥರ ಗುಂಪು ಗ್ಯಾರಿಸನ್ನನ ಮೈಗೆ ಹಗ್ಗ ಕಟ್ಟಿ ಎಳೆದಾಡಿತ್ತು. ಜವಳಿ ಗಿರಣಿಗಳ ಒಡೆಯ ಏಮೋಸ್ ಲಾರೆನ್ಸ್ ಎಂಬಾತ, ನಾವು ರಾತ್ರಿ ಮಲಗುವಾಗ ರಾಜಿಯ ಪರವಾದ ಹಳೆಯ ಸಂಪ್ರದಾಯಸ್ಥರಾಗಿದ್ದೆವು, ಬೆಳಗ್ಗೆ ಏಳುವಾಗ ಹುಚ್ಚು ಹಿಡಿದ ಗುಲಾಮಗಿರಿ ವಿರೋಧಿಗಳಾಗಿದ್ದೆವು ಎಂಬರ್ಥದಲ್ಲಿ ಬರೆದ. ಅವನ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ದಕ್ಷಿಣದ್ದೇ. ಮರುವರ್ಷ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ನೆಲದಲ್ಲಿ ಆ ಕಾನೂನು ನಡೆಯದಂತೆ ತಡೆಯುವ ಕಾಯ್ದೆಯನ್ನು ಮಾಡಿತು. 1860ರ ಡಿಸೆಂಬರಿನಲ್ಲಿ ಒಕ್ಕೂಟದಿಂದ ಹೊರಬಿದ್ದ ದಕ್ಷಿಣ ಕೆರೊಲಿನಾ ತನ್ನ ಘೋಷಣೆಯಲ್ಲಿ ಕೊಟ್ಟ ಕಾರಣಗಳ ಪೈಕಿ ಇಂತಹ ರಾಜ್ಯಗಳ ಕಾಯ್ದೆಗಳು, ಗುಲಾಮಗಿರಿ ವಿರೋಧಿ ಸಂಘಗಳು, ಅವರು ಕಳುಹಿಸಿದ ಪುಸ್ತಕ ಮತ್ತು ಚಿತ್ರಗಳು ಎಲ್ಲವೂ ಇವೆ. ಅವರ ಪ್ರಭಾವಕ್ಕೆ ಎದುರಾಳಿಯೇ ಬರೆದುಕೊಟ್ಟ ಸಾಕ್ಷಿಯಿದು.

ಮೈಸೂರಿನ ನಿವೃತ್ತ ವಕೀಲ ಉತ್ತರಿಸಿದ್ದಾರೆ:

ಎರಡೂ ಉತ್ತರಗಳು ವಿದ್ವತ್ಪೂರ್ಣವಾಗಿವೆ. ಆದರೆ ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿರುವ ಆತಂಕವನ್ನು ನಾವು ಅಷ್ಟು ಬೇಗ ದಾಟಿಹೋಗಬಾರದು ಎಂಬುದು ನನ್ನ ವಿನಂತಿ. ತೀವ್ರಗಾಮಿಗಳೆಲ್ಲ ಒಂದೇ ಬಗೆಯವರಾಗಿರಲಿಲ್ಲ, ಅವರು ಹೇಳಿದ್ದೆಲ್ಲ ಸರಿಯೂ ಆಗಿರಲಿಲ್ಲ.

ಗ್ಯಾರಿಸನ್ ಸಂವಿಧಾನವನ್ನು ಸಾವಿನೊಂದಿಗಿನ ಒಡಂಬಡಿಕೆ, ನರಕದೊಂದಿಗಿನ ಒಪ್ಪಂದ ಎಂದು ಕರೆದ. 1854ರ ಜುಲೈ 4ರಂದು ಫ್ರೇಮಿಂಗ್‌ಹ್ಯಾಮ್‌ನ ಸಭೆಯಲ್ಲಿ ಅದರ ಪ್ರತಿಯನ್ನು ಸುಟ್ಟ. ಮತ ಹಾಕುವುದನ್ನೂ ಪಾಪವೆಂದು ಬಗೆದು, ಉತ್ತರವೇ ಒಕ್ಕೂಟವನ್ನು ಬಿಟ್ಟು ಹೊರಬರಬೇಕೆಂದ. ವಕೀಲನಾಗಿ ನಾನು ಕೇಳುವುದಿಷ್ಟೆ: ಉತ್ತರ ಹೊರಬಂದಿದ್ದರೆ ದಕ್ಷಿಣದ ಗುಲಾಮರ ಗತಿಯೇನಾಗುತ್ತಿತ್ತು? ಇದೇ ಪ್ರಶ್ನೆಯನ್ನು ಡಗ್ಲಾಸ್ ಎತ್ತಿದ. ಆ ಹೊತ್ತಿಗೆ ರಾಚೆಸ್ಟರ್‌ನಲ್ಲಿ ತನ್ನದೇ ಪತ್ರಿಕೆ ನಡೆಸುತ್ತಿದ್ದ ಅವನು, ಸಂವಿಧಾನದ ಪಠ್ಯದಲ್ಲಿ ಗುಲಾಮ ಎಂಬ ಪದವೇ ಇಲ್ಲದಿರುವುದನ್ನು ತೋರಿಸಿ, ಅದನ್ನು ಸ್ವಾತಂತ್ರ್ಯದ ಪರವಾಗಿ ಓದಬಹುದು, ಓದಬೇಕು, ಅದರ ಬಲದಿಂದಲೇ ಹೋರಾಡಬೇಕು ಎಂದು 1851ರಲ್ಲಿ ಬಹಿರಂಗವಾಗಿ ಹೇಳಿದಾಗ ಗ್ಯಾರಿಸನ್ ಮತ್ತು ಡಗ್ಲಾಸ್ ಎಂಬ ಗುರುಶಿಷ್ಯರ ನಂಟು ಮುರಿದುಬಿತ್ತು. ಚುನಾವಣೆಯ ದಾರಿ ಹಿಡಿದವರು 1840ರಲ್ಲಿ ಲಿಬರ್ಟಿ ಪಕ್ಷವನ್ನು ಕಟ್ಟಿ ಸುಮಾರು 7,000 ಮತಗಳನ್ನು ಮಾತ್ರ ಪಡೆದರು. 1848ರಲ್ಲಿ ಅದರ ಉತ್ತರಾಧಿಕಾರಿಯಾದ ಫ್ರೀ ಸಾಯಿಲ್ ಪಕ್ಷ ಶೇ. 10ರಷ್ಟು ಮತ ಪಡೆಯಿತು. 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಆರೇ ವರ್ಷಗಳಲ್ಲಿ ಲಿಂಕನ್ನನನ್ನು ಅಧ್ಯಕ್ಷನನ್ನಾಗಿ ಮಾಡಿತು. ಹೊಸ ಪ್ರಾಂತಗಳಿಗೆ ಗುಲಾಮಗಿರಿ ಹಬ್ಬಬಾರದೆಂಬ ಅದರ ನಿಲುವು, ಎಲ್ಲ ಕಡೆಯೂ ತಕ್ಷಣ ವಿಮೋಚನೆಯಾಗಬೇಕೆಂಬ ಕೂಗಿನ ಪಕ್ಕದಲ್ಲಿ ನಡುದಾರಿಯಂತೆ ಕಾಣಿಸಿತು. ಗ್ಯಾರಿಸನ್ನನಿಂದ ಅವರಿಗೆ ಆದ ಉಪಕಾರವೆಂದರೆ ಇದೇ, ಅವನು ಅದನ್ನು ಬಯಸದಿದ್ದರೂ.

ಜಾನ್ ಬ್ರೌನ್ ವಿಷಯದಲ್ಲಿ ಮಾತ್ರ ನಾನು ಮನಸ್ಸನ್ನು ಸಡಿಲಿಸಲಾರೆ. 1856ರ ಮೇ 24ರ ರಾತ್ರಿ ಕನ್ಸಾಸಿನ ಪೊಟ್ಟವಾಟೊಮಿ ಹೊಳೆಯ ಬಳಿ ಐವರನ್ನು ಅವರ ಗುಡಿಸಲುಗಳಿಂದ ಹೊರಗೆಳೆಸಿ, ಕತ್ತಿಗಳಿಂದ ಕಡಿಸಿ ಕೊಲ್ಲಿಸಿದವನು ಅವನು. ಸತ್ತವರು ಗುಲಾಮಗಿರಿಯ ಪಕ್ಷದವರಾಗಿದ್ದರೂ ಗುಲಾಮರ ಒಡೆಯರಾಗಿರಲಿಲ್ಲ. 1859ರ ಅಕ್ಟೋಬರ್ 16ರಂದು 21 ಸಂಗಡಿಗರನ್ನು ಕಟ್ಟಿಕೊಂಡು ವರ್ಜೀನಿಯಾದ ಹಾರ್ಪರ್ಸ್ ಫೆರಿ ಎಂಬ ಊರಿನ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿದಾಗ, ಅವನ ಕಡೆಯವರ ಗುಂಡಿಗೆ ಮೊದಲು ಸತ್ತವನು ರೈಲು ನಿಲ್ದಾಣದಲ್ಲಿ ಸಾಮಾನು ಹೊರುತ್ತಿದ್ದ ಹೇವರ್ಡ್ ಶೆಫರ್ಡ್ ಎಂಬ ಸ್ವತಂತ್ರ ಕಪ್ಪು ಮನುಷ್ಯ. ಅವನು ನಿರೀಕ್ಷಿಸಿದ್ದ ಗುಲಾಮರ ದಂಗೆ ಏಳಲಿಲ್ಲ. ಅದೊಂದು ಬಲೆ, ನೀನು ಸಿಕ್ಕಿಬೀಳುತ್ತೀಯೆ ಎಂದು ಡಗ್ಲಾಸ್ ಆಗಸ್ಟಿನಲ್ಲಿಯೇ ಎಚ್ಚರಿಸಿ ದೂರ ಉಳಿದಿದ್ದ. ದಕ್ಷಿಣದವರಿಗೆ ಬ್ರೌನನ ಮುಖದಲ್ಲಿ ಇಡೀ ಉತ್ತರವೇ ಕಾಣಿಸಿತು. ಆ ಚಳಿಗಾಲದಲ್ಲಿ ಅಲ್ಲಿನ ಊರೂರುಗಳಲ್ಲಿ ಸ್ವಯಂಸೇವಕ ದಳಗಳು ಕವಾಯತು ಮಾಡತೊಡಗಿದವು. ಜಾನ್ ಬ್ರೌನ್ ರಿಪಬ್ಲಿಕನ್ ಅಲ್ಲ ಎಂದು ಲಿಂಕನ್ 1860ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಹೇಳಿದ್ದನ್ನು ದಕ್ಷಿಣದಲ್ಲಿ ಕೇಳುವವರು ಯಾರೂ ಇರಲಿಲ್ಲ. ಯುದ್ಧವನ್ನು ಹತ್ತಿರ ತಂದವರಲ್ಲಿ ಬ್ರೌನ್ ಒಬ್ಬನೆಂಬುದನ್ನು ಒಪ್ಪದೆ ವಿದ್ಯಾರ್ಥಿನಿಗೆ ಪ್ರಾಮಾಣಿಕ ಉತ್ತರ ಕೊಡಲಾಗದು.

ಬೋಸ್ಟನ್ ಬಳಿಯ ಕನ್ನಡಿಗ ಮತ್ತೆ ಬರೆದಿದ್ದಾರೆ:

ವಕೀಲರೇ, ಪೊಟ್ಟವಾಟೊಮಿಯ ಕೊಲೆಗಳನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ಹಾರ್ಪರ್ಸ್ ಫೆರಿಗೆ ಹೋದವರನ್ನೆಲ್ಲ ಬ್ರೌನನ ನೆರಳಿನಲ್ಲಿ ಮರೆಸಿಬಿಡಬಾರದು. ಆ 21 ಜನರಲ್ಲಿ ಐವರು ಕಪ್ಪು ಜನರು. ಅವರಲ್ಲಿ ಡೇಂಜರ್‌ಫೀಲ್ಡ್ ನ್ಯೂಬಿ ಎಂಬವನು ಸ್ವತಂತ್ರನಾಗಿದ್ದ. ಅವನ ಹೆಂಡತಿ ಹ್ಯಾರಿಯೆಟ್ ಮತ್ತು ಮಕ್ಕಳು ವರ್ಜೀನಿಯಾದಲ್ಲಿ ಇನ್ನೂ ಗುಲಾಮರಾಗಿದ್ದರು. ಅವರನ್ನು ಕೊಂಡು ಬಿಡಿಸಲು ಅವನು ಹಣ ಕೂಡಿಸುತ್ತಿದ್ದ, ಸಾಧ್ಯವಾಗಲಿಲ್ಲ. ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಬಂದು ನನ್ನನ್ನು ಕೊಂಡುಕೊ, ನೀನು ಕೊಳ್ಳದಿದ್ದರೆ ಬೇರೆ ಯಾರಾದರೂ ಕೊಂಡುಬಿಡುತ್ತಾರೆ ಎಂದು ಆಕೆ 1859ರ ಆಗಸ್ಟಿನಲ್ಲಿ ಬರೆದ ಕಾಗದ ಉಳಿದಿದೆ. ದಾಳಿ ಮಾಡಿದವರ ಪೈಕಿ ಮೊದಲು ಸತ್ತವನು ಈ ನ್ಯೂಬಿ. ತಾಳ್ಮೆ ಎಂಬ ಮಾತನ್ನು ಹ್ಯಾರಿಯೆಟ್ ನ್ಯೂಬಿಯ ಎದುರು ನಿಂತು ಹೇಳಲು ನನಗೆ ಬಾಯಿ ಬಾರದು.

ಡಗ್ಲಾಸ್ ದೂರ ಉಳಿದದ್ದು ನಿಜ. ಆದರೆ 1881ರಲ್ಲಿ ಅದೇ ಹಾರ್ಪರ್ಸ್ ಫೆರಿಗೆ ಹೋಗಿ ಮಾಡಿದ ಭಾಷಣದಲ್ಲಿ, ಗುಲಾಮಗಿರಿಯನ್ನು ಕೊನೆಗಾಣಿಸಿದ ಯುದ್ಧವನ್ನು ಬ್ರೌನ್ ಮುಗಿಸದಿದ್ದರೂ ಆರಂಭಿಸಿದವನು ಅವನೇ ಎಂದು ಅವನು ಹೇಳಿದ್ದನ್ನೂ ನಾವು ಸೇರಿಸಿಕೊಳ್ಳಬೇಕು. ನೀವು ಆರೋಪವಾಗಿ ಹೇಳಿದ್ದನ್ನು ಡಗ್ಲಾಸ್ ಗೌರವವಾಗಿ ಹೇಳಿದ.

ಧಾರವಾಡದ ಓದುಗ ಉತ್ತರಿಸಿದ್ದಾರೆ:

ನಮ್ಮ ನೆಲಕ್ಕೂ ಈ ಕಥೆಯ ಒಂದು ಎಳೆ ತಾಗಿದೆಯಾದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳು ಬಳಸುತ್ತಿದ್ದ ಹತ್ತಿಯ ಬಹುಪಾಲು ಅಮೆರಿಕದ ಗುಲಾಮರು ಬಿಡಿಸಿದ ಹತ್ತಿ. ಅಮೆರಿಕ ರಫ್ತು ಮಾಡುತ್ತಿದ್ದ ಸರಕುಗಳ ಒಟ್ಟು ಬೆಲೆಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅದರದೇ. ಆ ಒಂದೇ ಮೂಲವನ್ನು ನೆಚ್ಚಿಕೊಂಡಿರುವ ಭಯದಿಂದ ಈಸ್ಟ್ ಇಂಡಿಯಾ ಕಂಪನಿಯು 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿ ತಳಿಯನ್ನು ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬೆಳೆಸಿ ನೋಡಿತು. ಹಿಂದೂಸ್ತಾನದಲ್ಲಿ ಆ ತಳಿ ಚೆನ್ನಾಗಿ ನೆಲೆಯೂರಿದ ಕೆಲವೇ ಜಾಗಗಳಲ್ಲಿ ಇದು ಒಂದು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿದ ಮೇಲೆ ಇಲ್ಲಿನ ಹತ್ತಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿ, ಕುಮಟಾ ಬಂದರಿನ ದಾರಿ ಹತ್ತಿಯ ಬಂಡಿಗಳಿಂದ ತುಂಬಿತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿದಾಗ ಸಾಲ ಮಾಡಿ ಬಿತ್ತಿದವರು ಪಾಡುಪಟ್ಟರು. ಗುಲಾಮಗಿರಿ ತಾನಾಗಿ ಇಲ್ಲವಾಗುತ್ತಿತ್ತು ಎನ್ನುವವರು ಈ ಹತ್ತಿಯ ಪೇಟೆಯ ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಕ್ಕದ ಪುಣೆಯಲ್ಲಿ ಜೋತಿರಾವ್ ಫುಲೆಯವರು 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ಯನ್ನು, ಗುಲಾಮರ ವಿಮೋಚನೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದನ್ನು ವಿದ್ಯಾರ್ಥಿಗಳಿಗೆ ಹೇಳಲು ಮರೆಯಬೇಡಿ.

ತುಂಗಾತೀರದ ಅಧ್ಯಾಪಕಿ ಮತ್ತೆ ಬರೆದಿದ್ದಾರೆ:

ಎಲ್ಲರಿಗೂ ಮನಸಾರೆ ಕೃತಜ್ಞಳಾಗಿದ್ದೇನೆ. ಇಷ್ಟನ್ನು ಓದಿದ ಮೇಲೂ ಒಂದು ಸಂದೇಹ ಉಳಿದಿದೆ. ಬ್ರಿಟನ್ 1833ರಲ್ಲಿ ತನ್ನ ವಸಾಹತುಗಳ ಗುಲಾಮರ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟು, ಯುದ್ಧವಿಲ್ಲದೆ ವಿಮೋಚನೆಯನ್ನು ತಂದಿತು. ಪರಿಹಾರವನ್ನು ಪಡೆಯಬೇಕಾದವರು ದುಡಿದವರೇ ಹೊರತು ಒಡೆಯರಲ್ಲ ಎಂಬುದು ಬೇರೆ ಮಾತು. ತೀವ್ರಗಾಮಿಗಳ ಗದ್ದಲವಿಲ್ಲದ ಒಂದು ಶಾಂತ ವಾತಾವರಣದಲ್ಲಿ, ಹಣ ಕೊಟ್ಟು ಬಿಡಿಸುವ ಪ್ರಯತ್ನ ಅಮೆರಿಕದಲ್ಲಿಯೂ ಫಲಿಸಬಹುದಿತ್ತೇ? ನನ್ನ ವಿದ್ಯಾರ್ಥಿನಿ ಮುಂದೆ ಕೇಳುವ ಪ್ರಶ್ನೆ ಇದೇ ಆಗಿರುತ್ತದೆಂದು ನನಗೆ ಗೊತ್ತು.

ಹಳೆಯ ಪತ್ರಿಕೆಗಳ ಓದುಗ ಉತ್ತರಿಸಿದ್ದಾರೆ:

ಆ ಪ್ರಯತ್ನ ನಡೆಯಿತು ಮೇಡಂ, ಅದೂ ಅತ್ಯಂತ ಅನುಕೂಲವಾದ ಜಾಗದಲ್ಲಿ. ಡೆಲವೇರ್ ಪುಟ್ಟ ರಾಜ್ಯ. ಅಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಕಪ್ಪು ಜನರಲ್ಲಿ ಬಹುಪಾಲು ಸ್ವತಂತ್ರರಾಗಿದ್ದರು. 1860ರ ಜನಗಣತಿಯಲ್ಲಿ ಗುಲಾಮರಾಗಿ ಉಳಿದಿದ್ದವರು 1,798 ಜನ. ಆ ರಾಜ್ಯ ಒಕ್ಕೂಟವನ್ನು ಬಿಟ್ಟಿರಲಿಲ್ಲ. 1861ರ ಕೊನೆಯಲ್ಲಿ ಲಿಂಕನ್ ತಾನೇ ಒಂದು ಮಸೂದೆಯ ಕರಡನ್ನು ಬರೆದು, ತಲೆಗೆ ಸುಮಾರು 400 ಡಾಲರಿನಂತೆ ಒಟ್ಟು 7,19,200 ಡಾಲರುಗಳನ್ನು ಕೇಂದ್ರ ಸರ್ಕಾರದಿಂದ ಕೊಡಿಸುವುದಾಗಿಯೂ, ಬೇಕಾದರೆ ವಿಮೋಚನೆಯನ್ನು ಹಲವು ವರ್ಷಗಳಿಗೆ ಹಂಚಿಕೊಳ್ಳಬಹುದೆಂದೂ ಸೂಚಿಸಿದ. ಮಂದಗಾಮಿಗಳು ಬಯಸಿದ್ದೆಲ್ಲ ಅದರಲ್ಲಿತ್ತು: ಹಣ, ಕಾಲಾವಕಾಶ, ರಾಜ್ಯದ ಒಪ್ಪಿಗೆ, ಸೌಮ್ಯವಾದ ಮಾತು. ಶಾಸನಸಭೆಯಲ್ಲಿ ಬೆಂಬಲ ಸಾಲದೆ ಹೋಗಿ, ಅದನ್ನು ಮತಕ್ಕೆ ಹಾಕುವಷ್ಟು ದೂರಕ್ಕೂ ಒಯ್ಯಲಾಗಲಿಲ್ಲ. 1862ರ ಏಪ್ರಿಲಿನಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಪರಿಹಾರ ಕೊಟ್ಟು ಬಿಡುಗಡೆ ಮಾಡಿದ್ದು ನಿಜ. ಆದರೆ ಅದು ಕಾಂಗ್ರೆಸ್ಸಿನ ನೇರ ಆಡಳಿತಕ್ಕೆ ಸೇರಿದ ಪ್ರದೇಶವಾಗಿತ್ತು, ಅಲ್ಲಿ ಒಡೆಯರ ಒಪ್ಪಿಗೆಯನ್ನು ಕೇಳುವ ಅಗತ್ಯವಿರಲಿಲ್ಲ.

ಬ್ರಿಟನ್ನಿಗೂ ಅಮೆರಿಕಕ್ಕೂ ಇರುವ ವ್ಯತ್ಯಾಸವೂ ಇದೇ. ಬ್ರಿಟನ್ನಿನ ಗುಲಾಮರ ತೋಟಗಳು ಸಮುದ್ರದಾಚೆ ಇದ್ದವು, ಸಂಸತ್ತು ಅವುಗಳ ಒಡೆಯರ ಕೈಯಲ್ಲಿರಲಿಲ್ಲ. ಅಮೆರಿಕದ ಒಡೆಯರು ಸೆನೆಟ್ಟಿನಲ್ಲಿ, ಸರ್ವೋಚ್ಚ ನ್ಯಾಯಾಲಯದಲ್ಲಿ, ಎಷ್ಟೋ ಸಲ ಅಧ್ಯಕ್ಷನ ಕುರ್ಚಿಯಲ್ಲಿಯೇ ಕುಳಿತಿದ್ದರು. ಅವರ ವಶದಲ್ಲಿದ್ದ ಮನುಷ್ಯರಿಗೆ ಪೇಟೆಯಲ್ಲಿ ಕಟ್ಟುತ್ತಿದ್ದ ಬೆಲೆ 1860ರಲ್ಲಿ 300 ಕೋಟಿ ಡಾಲರುಗಳಷ್ಟಿತ್ತು. ಇಡೀ ದೇಶದ ರೈಲುಮಾರ್ಗ ಮತ್ತು ಕಾರ್ಖಾನೆಗಳ ಬಂಡವಾಳವನ್ನು ಕೂಡಿಸಿದರೂ ಅದಕ್ಕೆ ಸಮನಾಗುತ್ತಿರಲಿಲ್ಲ.

ವಕೀಲರು ಬ್ರೌನನ ಬಗ್ಗೆ ಹೇಳಿದ್ದನ್ನು ನೀವು ವಿದ್ಯಾರ್ಥಿನಿಗೆ ಖಂಡಿತ ಹೇಳಬೇಕು. ಅದರ ಜೊತೆಗೆ ಯುದ್ಧದ ನಡುವೆ ನಡೆದ ಇನ್ನೊಂದು ಕೆಲಸವನ್ನೂ ಹೇಳಿ. ಸಂವಿಧಾನದ ಮೂಲಕವೇ ಗುಲಾಮಗಿರಿಯನ್ನು ಇಡೀ ದೇಶದಲ್ಲಿ ರದ್ದುಗೊಳಿಸಬೇಕೆಂದು ಕೇಳಿ ಎಲಿಜಬೆತ್ ಕೇಡಿ ಸ್ಟಾಂಟನ್, ಸೂಸನ್ ಬಿ. ಆಂಟನಿ ಮುಂತಾದ ಹೆಂಗಸರು ಸುಮಾರು 4 ಲಕ್ಷ ಸಹಿಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಮೊದಲ ಒಂದು ಲಕ್ಷವನ್ನು 1864ರ ಫೆಬ್ರವರಿಯಲ್ಲಿ ಸೆನೆಟ್ಟಿನ ಒಳಕ್ಕೆ ಹೊತ್ತು ತಂದವರು ಇಬ್ಬರು ಎತ್ತರದ ಕಪ್ಪು ಮನುಷ್ಯರು. ಮೂವತ್ತು ವರ್ಷಗಳ ಹಿಂದೆ ಕಾಂಗ್ರೆಸ್ಸು ತೆರೆದು ನೋಡದೆ ಬದಿಗಿಟ್ಟಿದ್ದ ಮನವಿಗಳ ವಂಶವೇ ಇವು. 1865ರ ಡಿಸೆಂಬರ್ 6ರಂದು 13ನೆಯ ತಿದ್ದುಪಡಿ ಸಾಕಷ್ಟು ರಾಜ್ಯಗಳ ಅನುಮೋದನೆ ಪಡೆದು ಜಾರಿಗೆ ಬಂದಿತು. ಅದೇ ತಿಂಗಳ 29ರಂದು ಗ್ಯಾರಿಸನ್ ತನ್ನ ಪತ್ರಿಕೆಯ 1,820ನೆಯ ಸಂಚಿಕೆಯನ್ನು ಅಚ್ಚು ಹಾಕಿ ಅದನ್ನು ನಿಲ್ಲಿಸಿದ. ಕಪ್ಪು ಜನರಿಗೆ ಮತದಾನದ ಹಕ್ಕು ಸಿಗುವವರೆಗೆ ಕೆಲಸ ಮುಗಿಯದೆಂದು ಫಿಲಿಪ್ಸ್ ಮತ್ತು ಡಗ್ಲಾಸ್ ಅಮೆರಿಕನ್ ಆ್ಯಂಟಿ-ಸ್ಲೇವರಿ ಸೊಸೈಟಿಯನ್ನು 1870ರವರೆಗೆ ಮುಂದುವರಿಸಿದರು.

ಡೆಲವೇರ್‌ನ ಶಾಸನಸಭೆ 1865ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯನ್ನು ತಿರಸ್ಕರಿಸಿತ್ತು. ಅಲ್ಲಿ ಉಳಿದಿದ್ದ ಗುಲಾಮರು ಬಿಡುಗಡೆಯಾದದ್ದು ಬೇರೆ ರಾಜ್ಯಗಳ ಮತದಿಂದ; ಡೆಲವೇರ್ ತನ್ನ ಒಪ್ಪಿಗೆಯನ್ನು ಕೊಟ್ಟದ್ದು 1901ರಲ್ಲಿ.